ಕೊರ್ಲಿಮ್ ಹಿತ್ತಲದಾಗ ಐದು ಕಲ್ಲು

ಮಂಗಲಾಳಿಗೆ ಚಿಂತೆ ಮಾಡಲು ಕಾರಣವೇ ಬೇಕಾಗಿರಲಿಲ್ಲ, ಬೆಳಗಾದರೆ ಸಾಕು. ನಳದಲ್ಲಿ ನೀರು ಬರದಿದ್ದರೆ ಬರಲಿಲ್ಲವೆಂಬ ಚಿಂತೆ. ಬಂದರೆ, ಇಷ್ಟು ಧಾರಾಳವಾಗಿ ಬರುವ ನೀರು ಶುದ್ಧ ಇದ್ದೀತೇ ಎಂಬ ಚಿಂತೆ. ಮಗಳು ದಾಕ್ಷಿ ಕೆಮ್ಮಿದರೆ ಎದೆಯೊಳಗೆ ಕಫ, ಕೆಮ್ಮದಿದ್ದರೆ ಕಫ ಒಳಗೇ ಗಟ್ಟಿಯಾಗಿದೆ. ವಿಜಯಪುರದ ಪೇಟೆಯಲ್ಲಿ ಹುಟ್ಟಿ ಅಲ್ಲೇ ಬಿ.ಎ. ಓದಿದ ಈ ಹೆಣ್ಣುಮಗಳು, ಮಳೆಗಾಲ ಮುಗಿಯುತ್ತಿದ್ದಂತೆ ದಾಕ್ಷಿಯನ್ನು ಕಂಕುಳಲ್ಲಿಟ್ಟುಕೊಂಡು ಗೋವಾಕ್ಕೆ ಬಂದಿಳಿದಿದ್ದಳು. ಗಂಡ ಪರಶುವಿಗೆ ಕೊರ್ಲಿಮ್‌ನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಕಾಯಂ ಆಗಿತ್ತು.

ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಅವಳು ಕರಾರು ಹಾಕಿದ್ದಳು. "ಎಳ್ಳಮಾಸಿ ತನಕ ನೋಡ್ತೀನ್ರಿ. ಒಗ್ಗಿದ್ರ ದಾಕ್ಷಿನ್ನ ಇಲ್ಲೇ ಸಾಲಿಗೆ ಹಾಕೂನು. ಒಗ್ಗಲಿಲ್ಲಂದ್ರ ನಾ ಕೂಸಿನ್ನ ಕರ್ಕೊಂಡು ಹೊಳ್ಳಿ ಹೋಗಾಕಿ."

"ಮೊದಲ ಕೆಳಗ ಇಳಿ, ಕಂಡಕ್ಟರ್ ಸೀಟಿ ಹೊಡ್ಯಾಕತ್ತಾನ," ಎಂದಿದ್ದ ಪರಶು.

ಅಂದಿನಿಂದ ಅವಳ ತಲೆಯೊಳಗೆ ಒಂದು ತಕ್ಕಡಿ ಏರಿಳಿಯುತ್ತಲೇ ಇತ್ತು. ಗೋವಾದ ಒಳ್ಳೆಯದೊಂದು ಮುಂದೆ ಬಂದರೆ, ಅದರ ಬಾಲ ಹಿಡಿದು ಕೆಟ್ಟದ್ದೊಂದು ಬರುತ್ತಿತ್ತು. ಗಂಡ ದಿನಾ ಮನೆಗೆ ಬರುತ್ತಾನೆ, ಚಲೋ. ಬಂದವನು ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಎತ್ತ ನೋಡಿದರೂ ಹಸಿರು. ಆ ಹಸಿರಿನೊಳಗೆ ಹಾವು. ವಿಜಯಪುರದ ಧೂಳು ಇಲ್ಲ. ಒಗೆದ ಬಟ್ಟೆ ಒಣಗುವುದೂ ಇಲ್ಲ. ಮುಂಜಾನೆ ಸೈಕಲ್ಲಿನ ಮೇಲೆ ಹಾರ್ನ್ ಒತ್ತುತ್ತ ಬಿಸಿ ಪಾವು ಬಾಗಿಲಿಗೇ ಬರುತ್ತದೆ. ಆ ಹಾರ್ನ್ ಕೇಳಿದ್ದೇ ತಡ ದಾಕ್ಷಿ, "ಆಯ್, ಮ್ಹಾಕಾ ಪಾವ್ ಜಾಯ್," ಎಂದು ಪಾವಿಗಾಗಿ ಕೊಂಕಣಿಯಲ್ಲಿ ರಾಗ ಎಳೆಯುತ್ತಾಳೆ. ಜೋಳದ ರೊಟ್ಟಿ ಮುಂದಿಟ್ಟರೆ, "ಅದು ಕಟಕಟ," ಎಂದು ತಟ್ಟೆ ದೂಡುತ್ತಾಳೆ. ಇನ್ನೊಂದು ವರ್ಷ ಇಲ್ಲಿದ್ದರೆ ಮಗಳೊಡನೆ ಮಾತಾಡಲು ನಡುವೆ ಒಬ್ಬರನ್ನು ಇಟ್ಟುಕೊಳ್ಳಬೇಕಾದೀತು ಎಂದು ಮಂಗಲಾಳಿಗೆ ಖರೇ ಅನಿಸಿತ್ತು.

ಅವಳು ಎಲ್ಲರ ಅಭಿಪ್ರಾಯ ಕೇಳಿದಳು. ತವರಿಗೆ ಫೋನ್ ಮಾಡಿದರೆ ಅವ್ವ "ಬಂದಬಿಡ" ಎಂದಳು. ಹಿಂದಿನಿಂದ ಅಪ್ಪ "ಅಲ್ಲೇ ಇರಲಿ" ಎಂದ. ಅವರಿಬ್ಬರ ಜಗಳ ಬಿಡಿಸುವುದರಲ್ಲಿ ಫೋನಿನ ಚಾರ್ಜು ಮುಗಿಯಿತು. ಕಡೆಗೆ ಮನೆಯೊಳಗೇ ಇದ್ದ ಅತ್ತೆ ಚಂದವ್ವನನ್ನು ಕೇಳಿದಳು. ಚಂದವ್ವ ಹರೆಯದಲ್ಲೇ ಗೋವಾಕ್ಕೆ ಬಂದು ಮುರ್ಮುಗಾಂವ್ ಬಂದರಿನಲ್ಲಿ ಅದಿರಿನ ಬುಟ್ಟಿ ಹೊತ್ತವಳು. ಪರಶು ಹುಟ್ಟಿದ್ದೂ ಇಲ್ಲಿಯೇ.

"ಅತ್ತಿ, ಈ ಊರಿನಾಗ ಚಲೋ ಏನು, ಕೆಟ್ಟದ್ದೇನು, ಒಂದೀಟು ಹೇಳ್ರಲ್ಲ."

ಚಂದವ್ವ ಬಾಯೊಳಗಿನ ಅಡಕೆ ಆ ಕಡೆಯಿಂದ ಈ ಕಡೆಗೆ ಹೊರಳಿಸಿದಳು. "ಊರೇನ ನಮ್ಮನ್ನ ಅರಿಷಿಣ-ಕುಂಕುಮ ಕೊಟ್ಟು ಕರದೈತೇನ ಯವ್ವಾ, ಚಲೋ ಕೆಟ್ಟ ನೋಡಾಕ? ಹೊಟ್ಟಿ ಕರ್ಕೊಂಡು ಬಂತು, ಬಂದ್ವಿ. ನನಗಿಲ್ಲಿ ಎಲ್ಲಾ ಸಿಕ್ಕೈತಿ. ಹೊಲ ಒಂದು ಇಲ್ಲ. ಎಳ್ಳಮಾಸಿ ಬಂದಾಗಷ್ಟ ಅದು ನೆನಪಾಕ್ಕೈತಿ."

ಹೊಲವಿಲ್ಲದ ಎಳ್ಳಮಾವಾಸ್ಯೆ ಎಂದರೆ ಮದುಮಗಳಿಲ್ಲದ ಮದುವೆ. ಆ ದಿನ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಉಣ್ಣಿಸಬೇಕು. ಹೊಲದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಕುಂಕುಮ ಹಚ್ಚಿ, ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಚರಗವೆಂದು ನಾಲ್ಕೂ ದಿಕ್ಕಿಗೆ ಚೆಲ್ಲಬೇಕು. ಚಂದವ್ವ ಇಷ್ಟು ವರ್ಷ ಕಟ್ಟಡ ಏಳುವ ಜಾಗದಲ್ಲಿ, ರೈಲು ಹಳಿಯ ಬದಿಯಲ್ಲಿ, ಎಲ್ಲಿ ಬರಿ ಮಣ್ಣು ಕಂಡಿತೋ ಅಲ್ಲಿ ಚರಗ ಚೆಲ್ಲಿದ್ದಳು. ಈ ವರ್ಷ ಅವಳ ಕಣ್ಣು ಬಿದ್ದದ್ದು ಎಸ್ಪೆರಾನ್ಸಾ ಬಾಯಿಯ ಹಿತ್ತಿಲ ಮೇಲೆ.

ಎಸ್ಪೆರಾನ್ಸಾ ಬಾಯಿ ಅವರ ಮನೆ ಮಾಲಕಿ. ಮುಂದೆ ಅವಳ ಹಂಚಿನ ಮನೆ, ಹಿಂದೆ ಇವರ ಬಾಡಿಗೆ ಖೋಲಿ, ನಡುವೆ ಅವಳ ಕೆಂಪು ಹರಿವೆ, ಅಲಸಂದೆ, ಮೆಣಸಿನಗಿಡ. ಮಾತು ಜೋರು, ಮನಸ್ಸು ಮೆತ್ತಗೆ. ಆದರೆ ಜಾಗದ ಮಾತು ಬಂದರೆ ಮನಸ್ಸೂ ಜೋರು. ಅವಳ ಅಣ್ಣನ ಜಾಗದಲ್ಲಿ ಯಾರೋ ಒಂದು ಕಲ್ಲಿಟ್ಟು ಹೂ ಏರಿಸಿದ್ದರಂತೆ; ಮುಂದಿನ ವರ್ಷ ಕಲ್ಲಿಗೆ ತಗಡು ಬಂತಂತೆ, ಅದರ ಮುಂದಿನ ವರ್ಷ ಗಂಟೆ; ಈಗ ಅಣ್ಣ ತನ್ನ ಜಾಗಕ್ಕೆ ಚಪ್ಪಲಿ ಬಿಚ್ಚಿ ಹೋಗಬೇಕಂತೆ. ಹೀಗಾಗಿ ಖೋಲಿಯ ಕೀಲಿ ಕೊಡುವಾಗಲೇ ಬೆರಳೆತ್ತಿ ಹೇಳಿದ್ದಳು: "ದಿಯಾ ಲಗಾವ್, ಫೂಲ್ ಡಾಲ್. ಪತ್ಥರ್ ನಹೀಂ."

ದೀಪ ಹೂ ಸರಿ, ಕಲ್ಲು ಮಾತ್ರ ಬೇಡ ಎಂಬ ಆ ಮಾತು ಮಂಗಲಾಳ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. "ಅತ್ತಿ, ಬ್ಯಾಡ್ರಿ. ಖೋಲಿ ಹೋಗ್ತೈತಿ. ಬಾಗಿಲ ಮುಂದ ತುಳಸಿ ಹಚ್ಚಿದ ಪೇಂಟಿನ ಡಬ್ಬಿ ಐತೆಲ್ಲ, ಅದರಾಗೂ ಮಣ್ಣ ಐತಿ. ಅದಕ್ಕ ಚರಗ ಹಾಕೂನು."

ಚಂದವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಬಿ.ಎ. ಕಲ್ತಾಕಿ ಅದೀದಿ, ನೀನ ಹೇಳು. ಪೇಂಟಿನ ಡಬ್ಬಿ ಎಂದಾರ ಬಸರಾಗಿದ್ದು ನೋಡೀಯೇನು?"

ಮಂಗಲಾ ಬಿ.ಎ.ಯನ್ನು ಪಕ್ಕಕ್ಕಿಟ್ಟು ಹೋಳಿಗೆಗೆ ಶೇಂಗಾ ಹುರಿಯಲು ಕೂತಳು.

ಅಮಾವಾಸ್ಯೆಯ ಮುಂಜಾನೆ ದೇವರೇ ದಾರಿ ಮಾಡಿಕೊಟ್ಟಂತೆ ಎಸ್ಪೆರಾನ್ಸಾ ಬಾಯಿ ನೀಲಿ ಫ್ರಾಕು ತೊಟ್ಟು, ಅತ್ತರು ಹಚ್ಚಿಕೊಂಡು, ಪಣಜಿಗೆ ಮದುವೆಗೆಂದು ಹೊರಟಳು. ಬರುವುದು ಸಂಜೆಗೆ. ಪರಶು ಆಗಲೇ ಮೊದಲ ಪಾಳಿಗೆ ಹೋಗಿದ್ದ. ಬಾಯಿಯ ಫ್ರಾಕಿನ ಅಂಚು ಬೇಲಿಯಾಚೆ ಮರೆಯಾದದ್ದೇ ತಡ, ಚಂದವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲಿಗೆ ಇಳಿದಳು. ಕಲ್ಲು ಬೇಕಲ್ಲ? ಹರಿವೆಯ ಮಡಿಯ ಸುತ್ತ ಬಾಯಿಯೇ ಸಾಲಾಗಿ ಹೂತಿದ್ದ ಕಲ್ಲುಗಳಲ್ಲಿ ಚೆಂದವಾದ ಐದನ್ನು ಕಿತ್ತಳು.

"ಅತ್ತಿ, ಅವು ಬಾಯೀವು."

"ಪಾಂಡವರು ಯಾರ ಮನಿಯಾಗ ಇದ್ದರೂ ಪಾಂಡವರ. ನೀ ಬುಟ್ಟಿ ತಾ."

ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ. ಅಂಜುತ್ತ ಮಾಡಿದ ಅಡುಗೆಯಾದರೂ ಪರಿಮಳ ಅಂಜಿರಲಿಲ್ಲ. ಪೂಜೆಯಾಯಿತು. ಚಂದವ್ವ ಚರಗದ ಹಿಡಿ ಎತ್ತಿ, "ಹುಲ್ಲುಲ್ಲಿಗ್ಯೋ," ಎಂದು ಕೂಗಿದಳು. "ಚಲ್ಲಾಂಬ್ರಿಗ್ಯೋ," ಎಂದು ದಾಕ್ಷಿ ಮೆಣಸಿನಗಿಡಗಳ ನಡುವೆ ಕುಣಿಯತೊಡಗಿದಳು. ಗೋವಾಕ್ಕೆ ಬಂದ ಮೇಲೆ ಮಗಳ ಬಾಯಿಂದ ತನ್ನ ಊರಿನ ಕೂಗು ಮಂಗಲಾ ಕೇಳಿದ್ದು ಇದೇ ಮೊದಲು. ಅಂಜಿಕೆ ಮರೆತು ಅವಳೂ ಒಂದು ಹಿಡಿ ತೆಗೆದುಕೊಂಡಳು, ಕೈ ಎತ್ತಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಬೇಲಿಯ ಬಳಿ ನೀಲಿ ಫ್ರಾಕು ನಿಂತಿತ್ತು. ಮದುಮಕ್ಕಳಿಗೆ ಕೊಡಬೇಕಾದ ಉಡುಗೊರೆಯನ್ನು ಎಸ್ಪೆರಾನ್ಸಾ ಬಾಯಿ ಮನೆಯಲ್ಲೇ ಮರೆತು ಹೋಗಿದ್ದಳು.

"ಹೆಂ ಕಿತೆಂ?" ಇದೇನೆಂದು ಕೇಳಿದಳು ಬಾಯಿ, ತಗ್ಗಿದ ದನಿಯಲ್ಲಿ. ಜೋರು ಮಾತಿನವಳು ತಗ್ಗಿಸಿ ಮಾತಾಡಿದ್ದೇ ಹೆಚ್ಚು ಭಯ ಹುಟ್ಟಿಸಿತು.

ಮಂಗಲಾಳ ಮನಸ್ಸು ಒಂದೇ ಉಸಿರಿಗೆ ಗಂಟುಮೂಟೆ ಕಟ್ಟಿ ವಿಜಯಪುರದ ಬಸ್ಸು ಹತ್ತಿತು. ಖೋಲಿ ಹೋಯಿತು, ಸಾಲಿ ಹೋಯಿತು. ಒಳ್ಳೆಯದೇ ಆಯಿತಲ್ಲ, ಹೊಳ್ಳಿ ಹೋಗಲು ಇದಕ್ಕಿಂತ ನೆಪ ಬೇಕೇ? ಆದರೆ ಆ ಬಸ್ಸಿನಲ್ಲಿ ಕೂತ ಅವಳಿಗೆ ಸಂತೋಷವಾಗಲಿಲ್ಲ. ಅದೇಕೆಂದು ಯೋಚಿಸಲು ಪುರಸೊತ್ತಿರಲಿಲ್ಲ.

ಚಂದವ್ವ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. "ಆವ್ ಬಾಯಿ, ಬೈಠೋ. ಜಮೀನ್ ಪೇಟ್ ಸೇ ಹೈ. ಖಾನಾ ದೇತಾ," ಎಂದು ಭೂಮಿ ಬಸುರಿಯಾದ ಸುದ್ದಿ ಹೇಳಿದಳು.

"ಮೇರಾ ಜಮೀನ್?" ಬಾಯಿಯ ದನಿ ಈಗ ಏರಿತು. "ಪೇಟ್ ಸೇ? ಮೇರೇಕೋ ಬೋಲೇ ಬಗೈರ್?"

ತನಗೆ ಹೇಳದೆ ತನ್ನ ಭೂಮಿ ಬಸುರಾದ ಸಿಟ್ಟಿನ ಹಿಂದೆಯೇ ಅಣ್ಣನ ಕಲ್ಲು, ತಗಡು, ಗಂಟೆ ಎಲ್ಲವೂ ಹೊರಬಂದವು. ಕಲ್ಲು ಈಗಿಂದೀಗ ಏಳಬೇಕು. ಪೂಜೆಯಾದ ಕಲ್ಲು ಹೊತ್ತು ಇಳಿಯುವ ತನಕ ಏಳುವುದಿಲ್ಲ ಎಂದಳು ಚಂದವ್ವ. ಒಬ್ಬಳು ಕೊಂಕಣಿಯಲ್ಲಿ, ಒಬ್ಬಳು ಕನ್ನಡದಲ್ಲಿ. ಆದರೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ನಡುವೆ ಹೋಗಿ ನಿಂತವಳು ಮಂಗಲಾ. ಕೈಯಲ್ಲಿನ ಚರಗ ಮೊಣಕೈಗೆ ಇಳಿಯುತ್ತಿತ್ತು. ಆದರೆ ದಿನವಿಡೀ ಎಲ್ಲವೂ ಕೆಡುತ್ತದೆಂದೇ ಎಣಿಸುವವಳಿಗೆ, ಇನ್ನೊಬ್ಬರ ಅಂಜಿಕೆ ಯಾವ ಬಣ್ಣದ್ದು ಎಂಬುದು ಗೊತ್ತಿರುತ್ತದೆ. ತನಗೆ ಬರುವ ಹಿಂದಿಯಲ್ಲಿ ಹೇಳಿದಳು: ಬಾಯಿ, ಜಾಗ ನಿಮ್ಮದು, ಕಲ್ಲೂ ನಿಮ್ಮ ಮಡಿಯವೇ, ನೋಡಿರಿ ಅಲ್ಲಿ ಐದು ಗುಂಡಿ. ಕುರ್ಚಿ ಹಾಕಿಕೊಡುತ್ತೇನೆ, ನೀವೇ ಕಾವಲು ಕೂಡಿರಿ. ಹೊತ್ತು ಇಳಿದ ಮೇಲೆ ನಿಮ್ಮ ಕಣ್ಣೆದುರಿಗೇ ಎಬ್ಬಿಸಿ ತೊಳೆದು ಗುಂಡಿಗೆ ಕೂಡಿಸುತ್ತೇನೆ.

ಬಾಯಿ ಗುಂಡಿ ನೋಡಿದಳು, ಕಲ್ಲು ನೋಡಿದಳು. ತನ್ನದೇ ಕಲ್ಲು ದೇವರಾಗಿ ತನ್ನ ಜಾಗ ಕಸಿಯುವುದುಂಟೇ ಎಂದು ಲೆಕ್ಕ ಹಾಕಿದಳೋ ಏನೋ. "ಕುರ್ಸಿ ಲಾವ್," ಎಂದಳು.

ಮದುವೆಯ ಫ್ರಾಕಿನಲ್ಲಿ, ಮಡಿಲಲ್ಲಿ ಪರ್ಸು ಇಟ್ಟುಕೊಂಡು ಅವಳು ಪಾಂಡವರ ಕಾವಲಿಗೆ ಕೂತಳು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬಂದವರು ಹಸಿದು ಹೋಗಬಾರದು. ಮಂಗಲಾ ತಟ್ಟೆ ತಂದಿಟ್ಟಳು. "ಮಛ್ಲಿ ನಹೀಂ?" ಎಂದು ಮೀನಿಲ್ಲದ್ದಕ್ಕೆ ಮೂಗು ಮುರಿದ ಬಾಯಿ, ಪುಂಡಿಪಲ್ಯದ ಹುಳಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದು ತುತ್ತು ಕಲಸಿದಳು. ಹೋಳಿಗೆ ಮುಗಿಯುವ ಹೊತ್ತಿಗೆ ಅವಳ ಬೆರಳು ಬೇಲಿಯ ಮೂಲೆಗೆ ತಿರುಗಿತು. ಅಲ್ಲಿಯ ಅಲಸಂದೆ ಹೂವೇ ಬಿಟ್ಟಿಲ್ಲ. ಊಟ ಹಾಕುವುದೇ ಆದರೆ ಆ ಮೂಲೆಗೂ ಹಾಕಬೇಕು, ಅದೂ ಹೆಂಗಸೇ ಅಲ್ಲವೇ ಎಂದಳು. ಮಂಗಲಾ ಹೋಗಿ ಒಂದು ಹಿಡಿ ಚೆಲ್ಲಿದಳು. "ಔರ್ ಡಾಲ್, ಕಂಜೂಸ್," ಎಂದು, ಇನ್ನಷ್ಟು ಹಾಕೆಂದು ಕುರ್ಚಿಯಿಂದ ಮಾತು ಬಂತು.

ಹೊತ್ತು ಇಳಿದಾಗ ಐದೂ ಕಲ್ಲು ಮಡಿಯ ಸಾಲಿಗೆ ಮರಳಿದವು. ಉಡುಗೊರೆ ಇನ್ನೂ ಮನೆಯಲ್ಲೇ ಇತ್ತು. ಬಾಯಿ ಎದ್ದು ಫ್ರಾಕು ಜಾಡಿಸಿ, ಮುಂದಿನ ವರ್ಷ ಮೊದಲೇ ಹೇಳಬೇಕು, ಕಲ್ಲು ತಾನೇ ಆರಿಸಿ ಕೊಡುವವಳು ಎಂದಳು. "ಹಾಂ ಬಾಯಿ, ಆತು," ಎಂದಳು ಮಂಗಲಾ.

ಪಾಳಿ ಮುಗಿಸಿ, ಮಾರ್ಕೆಟ್ಟು ಸುತ್ತಿ ಬಂದ ಪರಶುವಿಗೆ ಮೊದಲು ಕಂಡದ್ದು ಕಡುಬಿನ ಬುಟ್ಟಿ, ಆಮೇಲೆ ಹಣೆ ಒತ್ತಿಕೊಂಡು ಕೂತ ಹೆಂಡತಿ.

"ಏನಾತು?"

"ಮುಂದಿನ ವರ್ಷದ್ದ ಚಿಂತಿ ಹತ್ತೈತ್ರಿ. ಬಾಯಿನೂ ಉಣ್ಣಾಕ ಬರತಾರ. ಇಷ್ಟು ಪುಂಡಿಸೊಪ್ಪು ಇಲ್ಲಿ ಎಲ್ಲಿ ಸಿಗಬೇಕು? ಈಗಿಂದ ಬೀಜ ತರಿಸಿ ಹಿತ್ತಲದಾಗ ಹಾಕಬೇಕು. ಈ ಮಳಿಗೆ ಅದು ಕೊಳತರ ಏನ ಮಾಡೂದು?"

ಪರಶು ಕಡುಬು ಕಚ್ಚಿದವನು ಅಗಿಯುವುದನ್ನು ನಿಲ್ಲಿಸಿದ. ಏನನ್ನೋ ಕೇಳಲು ಹೋಗಿ, ಬೇರೆಯದನ್ನು ಕೇಳಿದ. "ಹಂಗಾರ ನಾಳೆ ಸಾಲಿ ಫಾರ್ಮ್ ತರಲೇನು?"

"ತರ್ರಿ," ಎಂದಳು ಮಂಗಲಾ. ಅವನ ಮುಂದೆ ಇನ್ನೊಂದು ಕಡುಬು ಇಟ್ಟು, "ಆ ಸಾಲಿ ಬಾವಿಗೆ ಕಟ್ಟಿ ಐತೋ ಇಲ್ಲೋ ನೋಡ್ಕೊಂಡು ಬರ್ರಿ," ಎಂದಳು.

"ಸಾಲ್ಯಾಗ ಬಾವಿನ ಇಲ್ಲ."

"ಇಲ್ಲಾ?" ಮಂಗಲಾ ನೆಟ್ಟಗೆ ಕೂತಳು. "ಮತ್ತ ಕೂಸಗೋಳು ನೀರು ಏನ ಕುಡಿತಾವು?"