ಪೈಪಿಗೆ ಬಟ್ಟೆ ತುರುಕಿದವರು ಯಾರು?

ಅಬ್ಬಬ್ಬಾ, ಆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಎದ್ದ ಗಲಾಟೆ ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ!

ತೊಂಬತ್ತರ ದಶಕ. ಕೆ.ಆರ್. ಪೇಟೆಯ ನಮ್ಮ ಮನೆಗೂ ಪಕ್ಕದ ನಮ್ಮದೇ ಬಾಡಿಗೆ ಮನೆಗೂ ಅಪ್ಪ ಹೊಸದಾಗಿ ಕಕ್ಕಸು ಕಟ್ಟಿಸಿ, ಎರಡಕ್ಕೂ ಸೇರಿ ಒಂದೇ ಪೈಪನ್ನು ಬೀದಿ ಮೋರಿಯವರೆಗೆ ಹಾಯಿಸಿದ್ದ. ಬಂದ ನೆಂಟರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದ. ಅಂಥ ಪೈಪು ಕಟ್ಟಿಕೊಂಡು, ಜೋಡಣೆ ಬಿರಿದು, ಗಲೀಜು ನೀರು ಅಂಗಳಕ್ಕೇ ಉಕ್ಕಿತು.

ಬಾಡಿಗೆ ಮನೆಯ ಟೈಲರನ ಕೈಗೆ ಅಪ್ಪ ಬಿದಿರ ಗಳು ಕೊಟ್ಟು ತಳ್ಳಿಸಿದರೆ ಹೊರಬಂದದ್ದು ಬಟ್ಟೆ! ಚೂರು ಚೂರು ಬಟ್ಟೆ. ಇನ್ನೇನು ಬೇಕು ಅಪ್ಪನಿಗೆ?

"ಬಟ್ಟೆ ನಿಂದಲ್ದೆ ಇನ್ಯಾರದ್ಲಾ? ಹಾಳ್ ಮಾಡ್ದೋರೇ ಪೈಪ್ ಸರಿ ಮಾಡಿಸ್ಬೇಕು. ಮಾಡಿಸ್ಬುಟ್ಟು ಇವತ್ತೇ ಮನೆ ಖಾಲಿ ಮಾಡ್ಬೇಕು!"

"ನಮ್ಮವ್ವನಾಣೆ ನಾನಾಕಿಲ್ಲ ಕಣಣ್ಣ," ಎಂದ ಟೈಲರು. ಅವನ ಹೆಂಡತಿ ಆಗಲೇ ಅಳುತ್ತ ಪಾತ್ರೆಗಳನ್ನು ಹೊರಗೆ ತಂದಿಡತೊಡಗಿದ್ದಳು. ಬೀದಿಯವರು ಒಬ್ಬರಾದರೂ ಬಾಯಿಬಿಡಬಾರದೆ? ಹಾಳಾದವರು, ಮೂಗು ಮುಚ್ಚಿಕೊಂಡು ಮಜಾ ನೋಡುತ್ತಿದ್ದರು.

ಆಗ ಕಂಡಿತು ನನಗೆ, ಒಂದು ಚೂರಿನಲ್ಲಿ ಕೆಂಪು ಅಂಚು. ಅಯ್ಯೋ ದೇವರೇ, ಅದು ಅಪ್ಪನ ಪಂಚೆ!

ಒಳಗೆ ಅಕ್ಕನ ಬಾಣಂತನ ನಡೆದಿತ್ತು. ನಮ್ಮ ಮನೆಯಲ್ಲಿ ಕೂಸಿನ ಕುಂಡೆ ಒರೆಸಲು ಅದರ ತಾತನ, ಅಂದರೆ ನಮ್ಮಪ್ಪನ, ಹಳೆ ಪಂಚೆಯೇ ಆಗಬೇಕು, ಅವನ ಆಯುಸ್ಸು ಕೂಸಿಗೂ ಬರಲಿ ಎಂದು. ಒರೆಸಿದ್ದನ್ನು ಬೀದಿಗೆ ಎಸೆಯುವಂತಿಲ್ಲ, ಯಾರಾದರೂ ಮಾಟ ಮಾಡಿಸಿಯಾರು. ಅಮ್ಮ ಮೊದಲೆಲ್ಲ ಹಿತ್ತಿಲಲ್ಲಿ ಹೂಳುತ್ತಿದ್ದಳು. ಹೊಸ ಕಕ್ಕಸು ಬಂದಮೇಲೆ ಹೂಳುವ ಕಷ್ಟ ಯಾಕೆ? ಅದರೊಳಗೆ ಹಾಕಿ ಒಂದು ಬಕೆಟ್ ನೀರು ಹುಯ್ದರೆ ಮುಗಿಯಿತು.

ಒಳಗೋಡಿ ಹೇಳಿದೆ. ಕಾಲ ಮೇಲೆ ಕೂಸು ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದ ಅಮ್ಮ ಅದನ್ನು ಅಕ್ಕನ ಕೈಗೆ ಕೊಟ್ಟು ಎದ್ದಳು. ಗಂಡಸರ ಪಂಚಾಯ್ತಿಗೆ ಎಂದೂ ತಲೆ ಹಾಕದವಳು ಒದ್ದೆ ಸೀರೆಯಲ್ಲೇ ಬೀದಿಗೆ ಬಂದಳು. ಆಹಾ, ನನಗೆ ಕುಣಿಯುವಂತಾಯಿತು!

"ಅದು ನಿಮ್ ಪಂಚೆ ಕಣ್ರೀ. ಆಕ್ದೋಳು ನಾನು."

"ಒಳೀಕ್ ನಡಿ, ಆಮ್ಯಾಕೆ ಮಾತಾಡವ," ಎಂದು ಅಪ್ಪ ಗೊಣಗಿದ.

"ಆಮ್ಯಾಕೆ ಯಾಕೆ? ತೀರ್ಮಾನ ಕೊಟ್ಟಾಯ್ತಲ್ಲ," ಎಂದಳು ಅಮ್ಮ. ಟೈಲರನ ಹೆಂಡತಿಯ ಕಡೆ ತಿರುಗಿ, "ಪಾತ್ರೆ ಒಳೀಕ್ ಮಡಗವ್ವ. ಮನೆ ಖಾಲಿ ಮಾಡ್ಬೇಕಾಗಿರೋಳು ನಾನು," ಎಂದಳು.

ಅಪ್ಪ ಪಂಚೆ ಎತ್ತಿ ಕಟ್ಟಿ, ಟೈಲರನ ಕೈಯಿಂದ ಗಳು ಇಸಕೊಂಡು, ತಾನೇ ಮೋರಿಗಿಳಿದ.