ಹುಳ ಮುಟ್ಟದ ಬದನೆ

ಜೀಡಿಮೆಟ್ಲಾದ ಕಾರ್ಖಾನೆಗಳ ಸಾಲು ಮುಗಿದು ಬಯಲು ಶುರುವಾಗುವ ಕಡೆ, ಬೇಗಂಪೇಟೆಯ ಬಿಲ್ಡರ್ ಒಬ್ಬನ ಖಾಲಿ ಜಾಗವಿತ್ತು. ಅಲ್ಲಿ ಮನೆಗಳು ಏಳುವ ತನಕ ಯಾರೂ ಬೇಲಿ ಒತ್ತದ ಹಾಗೆ ಕಾಯಲು ಅವನು ಮಲ್ಲಣ್ಣ, ಬಂಡೆಮ್ಮ ಎಂಬ ಗಂಡಹೆಂಡತಿಯನ್ನು ಇಟ್ಟಿದ್ದ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು ಅವರು. ಕಾವಲಿಗೆ ಸಂಬಳವಿಲ್ಲ, ಬೋರಿನ ನೀರುಂಟು, ಬೆಳೆದುಕೊಂಡದ್ದು ನಿಮ್ಮದೇ ಎಂದಿದ್ದ ಬಿಲ್ಡರ್. ಊರಲ್ಲಿ ಒಂದು ಗೇಣು ನೆಲವೂ ಇಲ್ಲದಿದ್ದ ಬಂಡೆಮ್ಮ, ಇನ್ನೊಬ್ಬರ ನೆಲವಾದರೂ ಸರಿ ಎಂದು ಬದನೆ ಹಾಕಿದಳು.

ಬದನೆಗೆ ಶತ್ರು ಕಾಯಿಕೊರಕ ಹುಳ. ಕುಡಿಯೊಳಗೆ ಹೊಕ್ಕರೆ ಕುಡಿ ಬಾಡುತ್ತದೆ, ಕಾಯಿಯೊಳಗೆ ಹೊಕ್ಕರೆ ಕಾಯಿ ಹಿಕ್ಕೆಯಿಂದ ತುಂಬುತ್ತದೆ. ಅದಕ್ಕೆ ಎಣ್ಣೆ ಹೊಡೆಯಬೇಕು. ಆ ಕಡೆಯವರು ಕೀಟನಾಶಕಕ್ಕೆ ಎಣ್ಣೆ ಎಂದೇ ಅನ್ನುತ್ತಾರೆ. ಮಲ್ಲಣ್ಣ ಪಂಪು ಬೆನ್ನಿಗೇರಿಸಿ, ಬಾಯಿಗೊಂದು ಟವಲು ಸುತ್ತಿ ಹೊಡೆಯುತ್ತಿದ್ದ. ಹುಳ ಜಗ್ಗದಿದ್ದಾಗ ಎರಡು ಮೂರು ಬಗೆ ಬೆರೆಸಿ ಹೊಡೆದ. ಒಂದು ಬೇಸಿಗೆಯ ಮಧ್ಯಾಹ್ನ ಸಾಲಿನ ನಡುವೆ ಬಿದ್ದವನ ಬಾಯಲ್ಲಿ ನೊರೆ, ಕಣ್ಣಪಾಪೆ ಸಾಸಿವೆಯಷ್ಟಾಗಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಆಳು ಉಳಿಯಲಿಲ್ಲ. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ತುತ್ತು ಬಾಯಿಗೆ ಇಡಬೇಕಿತ್ತು. ಆ ದಿನಗಳಲ್ಲಿ ಹಾಸಿಗೆಯ ಪಕ್ಕ ಬಂಡೆಮ್ಮನ ಜೊತೆ ಕೂತವಳು ದಾನೇಶ್ವರಿ. ಪಕ್ಕದ ಹೊಲ ಗುತ್ತಿಗೆಗೆ ಮಾಡಿಕೊಂಡಿದ್ದ ಬಸುವಿನ ಹೆಂಡತಿ. ಅವಳದೂ ಬದನೆಯೇ, ಅವಳೂ ಯಾದಗಿರಿಯವಳೇ. ಮನೆಯಲ್ಲಿ ಗಂಜಿ ಕಾಯಿಸಿ, ಬಸ್ಸು ಹತ್ತಿ ತಂದು ಮಲ್ಲಣ್ಣನಿಗೆ ಕುಡಿಸುತ್ತಿದ್ದಳು.

ಆಮೇಲೆ ಪಂಪು ಬಂಡೆಮ್ಮನ ಬೆನ್ನಿಗೆ ಬಂತು. ಅವಳು ಎಣ್ಣೆ ಕಲಸಲು ಕೂತರೆ ಗುಡಿಸಲ ಬಾಗಿಲಲ್ಲಿದ್ದ ಮಲ್ಲಣ್ಣ ಹುಯ್ಯೆಂದು ಅಳುತ್ತಿದ್ದ. ಅವಳು ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹೋಗುತ್ತಿದ್ದಳು.

ಇದನ್ನು ನೋಡಿದವನು ಹುಲಗೇಶ, ಬಂಡೆಮ್ಮನ ಅಕ್ಕನ ಮಗ. ಅವನು ಊರು ಬಿಟ್ಟು ಬಂದಾಗ ಮಲ್ಲಣ್ಣನೇ ತನ್ನ ಜೊತೆ ಇಟ್ಟುಕೊಂಡು, ಗಾರೆ ಕೆಲಸ ಕಲಿಸಿ, ಮದುವೆಯನ್ನೂ ಮಾಡಿಸಿದ್ದ. ಈಗ ಹುಲಗೇಶ ಮೇಡ್ಚಲ್ ದಾರಿಯ ಒಂದು ಬೀಜದ ಕಂಪನಿಯ ಹೊಲದಲ್ಲಿ ಆಳು. ಬಲೆ ಕಟ್ಟಿ, ಬೀಗ ಹಾಕಿ ಅಲ್ಲಿ ಹೊಸ ಬದನೆಯ ಪರೀಕ್ಷೆ ನಡೆದಿತ್ತು. ಒಂದು ಭಾನುವಾರ ಬಂದವನು ತಂಬಾಕಿನ ಪೊಟ್ಟಣವನ್ನು ಅವಳ ಅಂಗೈಗಿಟ್ಟ. ಒಳಗೆ ಬೀಜ.

"ಚಿಗವ್ವ, ಇದಕ್ಕ ಹುಳ ಮುಟ್ಟಂಗಿಲ್ಲ. ಬೀಜದಾಗ ಏನೋ ಸೇರಿಸ್ಯಾರ. ಕಾಯಿ ಕಡದ ಹುಳ ಅಲ್ಲೇ ಸಾಯತೈತಿ."

"ನಾವು ತಿಂದ್ರ?"

"ನಮಗೇನೂ ಆಗಂಗಿಲ್ಲ ಅಂತಾರ. ಆದ್ರ ಸರ್ಕಾರ ಇನ್ನೂ ಒಪ್ಪಿಲ್ಲ. ಯಾರಿಗೂ ಹೇಳಬ್ಯಾಡ, ಒಂದು ಅಗಿನೂ ಕೊಡಬ್ಯಾಡ. ಗೊತ್ತಾದ್ರ ನನ್ನ ಕೆಲಸ ಹೋಗತೈತಿ."

ಬಂಡೆಮ್ಮ ಮಲ್ಲಣ್ಣನ ತಲೆ ಮುಟ್ಟಿ ಆಣೆ ಮಾಡಿದಳು.

ಬೀಜ ಮೊಳೆತು ಅಗಿಯಾದವು, ಅಗಿ ನೆಟ್ಟು ಗಿಡಗಳಾದವು. ಕೆಲವಕ್ಕೆ ಹುಳ ಬಿತ್ತು, ಹೆಚ್ಚಿನವಕ್ಕೆ ಬೀಳಲಿಲ್ಲ. ಪಂಪು ಗುಡಿಸಲ ಹಿಂದೆ ಧೂಳು ಹಿಡಿಯಿತು. ಕಾಯಿ ಎಷ್ಟು ನುಣುಪಾಗಿದ್ದವೆಂದರೆ, ಕೊಯ್ಯುವಾಗ ಬಂಡೆಮ್ಮ ಒಂದೊಂದನ್ನೂ ತಿರುಗಿಸಿ ತೂತು ಹುಡುಕುತ್ತಿದ್ದಳು. ಸಿಗದಿದ್ದರೆ ನಗು ಬರುತ್ತಿತ್ತು. ಸನತ್‌ನಗರದ ಕಾಲೊನಿಯ ಬೀದಿಯಲ್ಲಿ ಅವಳ ಬುಟ್ಟಿಯ ಮುಂದೆ ಹೆಂಗಸರು ನಿಲ್ಲತೊಡಗಿದರು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸವಿದ್ದ ಸುಬ್ಬರಾಯರ ಹೆಂಡತಿ ಸಾವಿತ್ರಿಯಂತೂ, "ಬಂಡೆಮ್ಮ, ನಿನ್ನ ಬದನೇಕಾಯಿ ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಮಗಳು ಹೆರಿಗೆಗೆ ಬಂದಿದ್ದಾಳೆ, ಅವಳಿಗೆ ಬೇರೆ ಏನೂ ರುಚಿಸಲ್ಲ" ಎಂದು ಆರಿಸಿಕೊಂಡು ಹೋಗುತ್ತಿದ್ದಳು.

ಪಕ್ಕದ ಬುಟ್ಟಿ ದಾನೇಶ್ವರಿಯದು. ಅವಳ ಕಾಯಿಯನ್ನು ಜನ ಎತ್ತಿ ನೋಡಿ ತೂತು ಕಂಡು ಕೆಳಗಿಡುತ್ತಿದ್ದರು. ಒಂದು ಸಂಜೆ ಬುಟ್ಟಿ ಮಗುಚಿ ಉಳಿದದ್ದನ್ನು ದನಕ್ಕೆ ಹಾಕಿ ಬಂದು ಬಂಡೆಮ್ಮನ ಹತ್ತಿರ ಕೂತಳು.

"ಯಕ್ಕಾ, ನನಗೂ ನಾಕು ಅಗಿ ಕೊಡು. ಬಸುಗ ರಾತ್ರಿ ಎಲ್ಲಾ ತಲಿನೋವು, ವಾಂತಿ. ನಿಮ್ಮವರಂಗ ಆಗ್ತಾನ ಅಂತ ಭಾಳ ಅಂಜಿಕಿ ಆಗೇತಿ."

"ಎಲ್ಲೀ ಅಗಿ? ನಂದೂ ಅಂಗಡಿ ಬೀಜಾನ."

"ಒಂದ ಅಂಗಡಿ ಬೀಜ, ನಿಂದಕ್ಕ ಹುಳ ಇಲ್ಲ, ನಂದಕ್ಕ ಐತಿ?"

"ನಿನ್ನ ಕೈಗುಣ" ಎಂದಳು ಬಂಡೆಮ್ಮ.

ಆಣೆ ನೆನಪಿತ್ತು, ನಿಜ. ಆದರೆ ಅಷ್ಟೇ ಅಲ್ಲ. ಬೀದಿಯಲ್ಲಿ ತನ್ನ ಬುಟ್ಟಿ ಮೊದಲು ಖಾಲಿಯಾಗುವುದು ಅವಳಿಗೆ ಇಷ್ಟವಾಗಿತ್ತು. ದಾನೇಶ್ವರಿ ಎದ್ದು ಹೋಗುವಾಗ ಬುಟ್ಟಿಯ ಅಂಚಿನಿಂದ ಒಂದು ಕಾಯಿ ಎತ್ತಿಕೊಂಡಳು. ಬಂಡೆಮ್ಮ ನೋಡಿಯೂ ತಡೆಯಲಿಲ್ಲ. ದಾನೇಶ್ವರಿ ಮಾಡಿದ್ದು ಇಷ್ಟೇ: ಆ ಕಾಯಿಯನ್ನು ಬೀಜದ ಅಂಗಡಿಗೆ ಒಯ್ದು, ಇಂಥದ್ದರ ಬೀಜ ಕೊಡಿ ಎಂದು ಕೇಳಿದಳು. ಅಂಗಡಿಯವನು ಕಾಯಿಯನ್ನು ಸೀಳಿ ನೋಡಿದ, ಯಾರ ಹೊಲದ್ದು ಎಂದು ಕೇಳಿ ತಿಳಿದುಕೊಂಡ, ಅವಳು ಹೋದ ಮೇಲೆ ಬೀಜದ ಕಂಪನಿಗೆ ಫೋನು ಮಾಡಿದ.

ಜೀಪು ಬಂದದ್ದು ಬೆಳಗಿನ ಕೊಯ್ಲಿನ ಹೊತ್ತಿಗೆ. ಇಲಾಖೆಯವರಿದ್ದರು, ಕಂಪನಿಯವರಿದ್ದರು. ಒಬ್ಬ ಎಲೆಯೊಂದನ್ನು ಕಿತ್ತು ಪುಟ್ಟ ಕೊಳವೆಯಲ್ಲಿ ಅರೆದು, ಕಾಗದದ ಪಟ್ಟಿ ಅದ್ದಿದ. ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು; ಕಂಪನಿಯ ಬದನೆಯೇ ಎಂದಾಯಿತು. ಅಧಿಕಾರಿಣಿ ಬಂಡೆಮ್ಮನನ್ನು ಕರೆದು ತೆಲುಗಿನಲ್ಲಿ, ಗದರದೆಯೇ ಹೇಳಿದಳು: ಈ ಬೀಜಕ್ಕೆ ಅನುಮತಿ ಇಲ್ಲ, ತಿಂದವರಿಗೆ ಏನಾಗುತ್ತದೋ ಇನ್ನೂ ಖಚಿತವಾಗಿಲ್ಲ, ಎಲ್ಲ ಕೀಳಬೇಕು. ಬೀಜ ಎಲ್ಲಿಂದ ಬಂತು?

ಕೀಳಲು ಕಂಪನಿಯ ಆಳುಗಳನ್ನೇ ಕರೆತಂದಿದ್ದರು. ಅವರ ನಡುವೆ ಹುಲಗೇಶನಿದ್ದ. ಬಂಡೆಮ್ಮ ಅವನ ಹೆಸರು ಹೇಳಲಿಲ್ಲ. ಕಂಪನಿಯ ಮೇಲ್ವಿಚಾರಕ ಅವಳ ಮುಖ ನೋಡಿದ, ಹುಲಗೇಶನ ಮುಖ ನೋಡಿದ. "ಇವಳು ನಿಮ್ಮ ಪೈಕಿಯವಳಲ್ಲವೇನೋ?"

ಹುಲಗೇಶ ಬೇಗನೆ ಹೇಳಿಬಿಟ್ಟ. "ಹೌದು ಸಾರ್. ನನಗ ಬುತ್ತಿ ತರತಿದ್ಳು. ಆವಾಗ ಕದ್ದಿರಬೇಕ್ರಿ. ನನಗ ಗೊತ್ತಿಲ್ರಿ."

"ಹುಲಗ್ಯಾ!" ಎಂದಳು ಬಂಡೆಮ್ಮ. "ನಾ ಯಾವತ್ತರೆ ನಿಮ್ಮ ಹೊಲಕ್ಕ ಬಂದೀನೇನೋ? ನಿಮ್ಮ ಕಾಕಾನ ಮಾರಿ ನೋಡಿ ಹೇಳು!"

ಬಾಗಿಲಲ್ಲಿದ್ದ ಮಲ್ಲಣ್ಣ "ಸು... ಸು..." ಎಂದು ಕೈ ಎತ್ತಿದ. ಸುಳ್ಳು ಎನ್ನಲು ಹೊರಟಿದ್ದ. ಆಳುಗಳಲ್ಲಿ ಯಾರೋ, ಮುದುಕನಿಗೆ ಉಚ್ಚೆ ಬಂದಿದೆ ಎಂದ. ಇಬ್ಬರು ಮೂವರು ನಕ್ಕರು.

ಸಾಲು ಸಾಲಾಗಿ ಕಿತ್ತರು. ಮಲ್ಲಣ್ಣ ಅಂಬೆಗಾಲಲ್ಲಿ ಬಂದು, ಕಾಯಿ ತುಂಬಿದ ಒಂದು ಗಿಡವನ್ನು ಬುಡಸಮೇತ ಅವುಚಿಕೊಂಡು ಮಲಗಿದ. ಉಳಿದವರು ಹಿಂಜರಿದರು. ಮೇಲ್ವಿಚಾರಕ ಹುಲಗೇಶನತ್ತ ಗದ್ದ ಆಡಿಸಿದ. ಹುಲಗೇಶ ಮಂಡಿಯೂರಿ, ತನಗೆ ತುತ್ತು ಹಾಕಿದ್ದ ಆ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಬಿಡು ಕಾಕಾ, ಬಿಡು" ಎಂದು ಪಿಸುಗುಟ್ಟುತ್ತಲೇ ಬಿಡಿಸಿದ. ಗಿಡ ಕೈಗೆ ಬಂದ ಮೇಲೆ ರಾಶಿಗೆ ಎಸೆದ. ಡೀಸೆಲ್ ಸುರಿದು ಬೆಂಕಿ ಇಟ್ಟರು. ಹಸಿ ಗಿಡ ಉರಿಯದೆ ಸಂಜೆಯ ತನಕ ಹೊಗೆಯಾಡಿತು.

ಹೆಂಗಸೆಂದು ಕೇಸು ಹಾಕಲಿಲ್ಲ. ಆದರೆ ಬಿಲ್ಡರನಿಗೆ ಸುದ್ದಿ ಮುಟ್ಟಿತ್ತು. ಅವನ ಮನುಷ್ಯ ಮರುದಿನ ಬಂದು ಗುಡಿಸಲಿನ ತಗಡು ಕೆಳಗಿಳಿಸಿದ.

ಬೀದಿಯಲ್ಲಿ ಸುದ್ದಿ ಅಷ್ಟೊತ್ತಿಗೆ ಬೆಳೆದಿತ್ತು. ವಿಷದ ಬದನೆಯಂತೆ, ತಿಂದವರಿಗೆ ಮಕ್ಕಳಾಗುವುದಿಲ್ಲವಂತೆ. ಬಂಡೆಮ್ಮ ಯಾರದೋ ಮೆಣಸಿನಕಾಯಿ ತಂದು ಮಾರಲು ಕೂತರೆ ಸಾವಿತ್ರಿ ಬಂದು ಎದುರು ನಿಂತಳು. ಕೈಯಲ್ಲಿ ಚೀಲವಿರಲಿಲ್ಲ.

"ನನ್ನ ಮಗಳು ಬಸುರಿ ಅಂತ ನಿನಗೆ ಗೊತ್ತಿತ್ತಲ್ಲ?"

"ನಾನೂ ದಿನಾ ಅದನ್ನ ತಿಂದೀನ್ರಿ ಅಮ್ಮಾರೆ. ನಮ್ಮವರಿಗೂ ಅದನ್ನ ಉಣಿಸೀನ್ರಿ."

"ನಿಮ್ಮದೇನು, ನೀವು ಏನು ತಿಂದರೂ ನಡೆಯುತ್ತೆ" ಎಂದಳು ಸಾವಿತ್ರಿ. ಚಪ್ಪಲಿಯ ತುದಿಯಿಂದ ಬುಟ್ಟಿ ತಳ್ಳಿದಳು. ಮೆಣಸಿನಕಾಯಿ ರಸ್ತೆಗೆ ಚೆಲ್ಲಿದವು; ಆರಿಸಲು ಯಾರೂ ಬಾಗಲಿಲ್ಲ. ಆ ಮಗಳಿಗೆ ಮುಂದೆ ಗುಂಡಗಿನ ಗಂಡುಮಗು ಹುಟ್ಟಿತು. ಅದನ್ನು ಬಂಡೆಮ್ಮನಿಗೆ ಯಾರೂ ಬಂದು ಹೇಳಲಿಲ್ಲ.

ಸನತ್‌ನಗರದಲ್ಲಿ, ಏಳುತ್ತಿದ್ದ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿಗೆ ಅವರು ಬಂದರು. ಬಂಡೆಮ್ಮ ಮತ್ತೆ ಇಟ್ಟಿಗೆ ಹೊತ್ತಳು. ದಾನೇಶ್ವರಿ ಹುಡುಕಿಕೊಂಡು ಬಂದಾಗ ಅವಳ ಕೈಯಲ್ಲಿ ಗಂಜಿಯ ಡಬ್ಬಿ ಇತ್ತು.

"ಯಕ್ಕಾ, ನಾ ಬೀಜ ಕೇಳಾಕ ಹೋಗಿದ್ದೆ. ಶರಣಬಸಪ್ಪನ ಆಣಿ, ಚಾಡಿ ಹೇಳಾಕ ಅಲ್ಲ."

ಬಂಡೆಮ್ಮ ಡಬ್ಬಿ ಇಸಿದುಕೊಂಡು ಅವಳ ಎದುರೇ ಮೋರಿಗೆ ಸುರಿದಳು. ದಾನೇಶ್ವರಿ ಖಾಲಿ ಡಬ್ಬಿ ಹಿಡಿದು ಹೋದಳು. ಬಾಯಿ ತೆರೆದು ಕಾದಿದ್ದ ಮಲ್ಲಣ್ಣ ಮಗುವಿನ ಹಾಗೆ ಅಳತೊಡಗಿದ. ಇಡೀ ದಿನ ಇಟ್ಟಿಗೆ ಹೊತ್ತ ಬಂಡೆಮ್ಮನ ಕತ್ತು ಸಿಡಿಯುತ್ತಿತ್ತು. ಅವಳು ತಿರುಗಿ ಕಿರುಚಿದಳು:

"ನಿಮ್ಮ ಸಲುವಾಗಿ ಇಷ್ಟೆಲ್ಲಾ ಆತು! ಅವತ್ತು ಆ ಸಾಲಿನ್ಯಾಗ ಸತ್ತಿದ್ರ ನಾ ಬದುಕತಿದ್ದೆ!"

ಮಲ್ಲಣ್ಣನ ಅಳು ನಿಂತಿತು. ಕೈಕಾಲು ಹೋಗಿತ್ತು, ತಿಳುವಳಿಕೆ ಹೋಗಿರಲಿಲ್ಲ. ಆ ಹೊತ್ತಿನಿಂದ ಅವನು ಅವಳ ಕೈಯ ತುತ್ತಿಗೆ ಬಾಯಿ ತೆರೆಯಲಿಲ್ಲ. ಅವಳು ಬೇಡಿಕೊಂಡಳು, ಕಾಲು ಹಿಡಿದಳು, ಒಮ್ಮೆ ಸಿಟ್ಟಿನಿಂದ ದವಡೆ ಬಿಡಿಸಿ ತುರುಕಿದಳು. ಅವನು ಉಗುಳಿದ. ಕೊನೆಗೆ ಅವಳೇ ಬಸ್ಸು ಹತ್ತಿ ಹೋಗಿ ದಾನೇಶ್ವರಿಯ ಬಾಗಿಲಲ್ಲಿ ನಿಂತಳು.

"ನೀ ಬಂದು ಉಣಿಸು. ನನ್ನ ಕೈಲಿ ಒಲ್ಲೆ ಅಂತಾರ."

ದಾನೇಶ್ವರಿ ಏನೂ ಕೇಳದೆ ಬಂದಳು. ಅವಳ ಕೈಯಿಂದ ಮಲ್ಲಣ್ಣ ಉಂಡ. ಬಂಡೆಮ್ಮ ಶೆಡ್ಡಿನ ಹೊರಗೆ ಮರಳಿನ ಗುಡ್ಡೆಯ ಮೇಲೆ ಕೂತು, ಒಳಗೆ ಚಮಚ ಡಬ್ಬಿಗೆ ತಾಗುವ ಸದ್ದು ಕೇಳುತ್ತಿದ್ದಳು. ದಾನೇಶ್ವರಿಗೆ ಬರಲಾಗದ ದಿನ ಅವನು ಉಪವಾಸವಿರುತ್ತಿದ್ದ. ಅಂಥ ದಿನಗಳು ಹೆಚ್ಚಾದವು. ಬಸು ಕೂಡ ಈಗ ಹಾಸಿಗೆ ಹಿಡಿದಿದ್ದ.

ಮುಂಗಾರು ಹಿಡಿದ ಮೇಲೆ ಮಲ್ಲಣ್ಣ ತೀರಿಕೊಂಡ. ಅಂದು ಕಾಮಗಾರಿಗೆ ರಜೆ, ಆಳುಗಳೆಲ್ಲ ಊರಿಗೆ ಹೋಗಿದ್ದರು. ಹೆಗಲು ಕೊಡಲು ವಾಚ್‌ಮನ್ ಅಂಬಣ್ಣ ಮತ್ತು ಬೀದಿಯ ಇಬ್ಬರು ಸಿಕ್ಕರು. ನಾಲ್ಕನೆಯವನಾಗಿ ಬಂದವನು ಹುಲಗೇಶ. ಕಂಪನಿ ಅವನನ್ನೂ ಕೆಲಸದಿಂದ ಬಿಡಿಸಿತ್ತು. ಅವನು ದೂರದಲ್ಲೇ ನಿಂತು, "ಚಿಗವ್ವ, ನಾ ಹೊರಲೇನ?" ಎಂದು ಕೇಳಿದ.

ಬಂಡೆಮ್ಮ ಅವನನ್ನು ನೋಡಿದಳು. ಮಳೆ ಜೋರಾಗುತ್ತಿತ್ತು.

"ಹೊರು" ಎಂದಳು. "ಬ್ಯಾರೆ ಯಾರೂ ಇಲ್ಲ."