ಕಳೆದ ಚಾರ್ಜರ್‌ಗೆ ಜೋಡಿ ಹುಡುಕುವ ವೈರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಜಾಗದಲ್ಲಿ, ಹೆಂಗಸೊಬ್ಬರು ಗೋಣಿಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ಕೂತಿದ್ದಾರೆ. ಕಣ್ಣು ಚೀಲದ ಕಡೆ ಇಲ್ಲ, ಎದುರು ನಿಂತ ಡೆಲಿವರಿ ಕೆಲಸದವನ ಮುಖದ ಮೇಲಿದೆ.

"ದಪ್ಪ ಪಿನ್ನಾ, ಸಣ್ಣದಾ?"

"ಸಣ್ಣದಕ್ಕ. ನಿನ್ನೆ ನನ್ನ ಮಗಳು ವೈರು ಎಡವಿ ಬಿದ್ದು ಮುರಿದುಹಾಕಿದಳು."

"ಮಗೂಗೇನೂ ಆಗಿಲ್ಲ ತಾನೇ?"

ಆಗಿಲ್ಲ ಎಂದು ಆತ ಹೇಳಿದ ಮೇಲೆಯೇ ಕೈ ಹೊರಗೆ ಬರುತ್ತದೆ. ಕೆರೆಯಿಂದ ಮೀನು ಎತ್ತಿದ ಹಾಗೆ, ತುದಿಯಲ್ಲಿ ತೂಗಾಡುವ ಒಂದು ಚಾರ್ಜರ್. ಅದನ್ನು ಒರೆಸಿ, ಕರೆಂಟಿಗೆ ಸಿಕ್ಕಿಸಿ, ವೋಲ್ಟ್ ಅಳೆಯುವ ಮೀಟರಿನ ಎರಡು ಕಡ್ಡಿ ತಾಗಿಸಿ, ಮುಳ್ಳು ಎಲ್ಲಿಗೆ ಬಂತು ಎಂದು ನೋಡಿ ತಲೆಯಾಡಿಸಿದರೆ ವ್ಯವಹಾರ ಮುಗಿಯಿತು.

ಇವರನ್ನು ಮಾರುಕಟ್ಟೆಯವರೆಲ್ಲ ಕರೆಯುವುದು ವೈರಕ್ಕ ಎಂದು. ಹೆಸರು ಕೇಳಿ ಹೊಸಬರು ಸ್ವಲ್ಪ ಹಿಂಜರಿಯುವುದುಂಟು. "ನನ್ನ ಹತ್ರ ಇರೋದು ವೈರು ಮಾತ್ರ ಕಣಪ್ಪ, ಯಾರ ಮೇಲೂ ವೈರ ಇಲ್ಲ" ಎಂದು ಅವರೇ ನಗಿಸಿ ಕೂರಿಸುತ್ತಾರೆ. ಮೊಬೈಲು, ಟಾರ್ಚು, ಕೂದಲು ಕತ್ತರಿಸುವ ಮಷೀನು, ಕಿವಿಗೆ ಇಡುವ ಯಂತ್ರ, ಹೀಗೆ ಚಾರ್ಜರ್ ಕಳೆದುಕೊಂಡ ಯಾವುದಕ್ಕೇ ಆದರೂ ಸರಿಯಾದ ಜೋಡಿ ಹುಡುಕಿಕೊಡುವುದು ಅವರ ಕಸುಬು. ಡೆಲಿವರಿಯವರು, ಹಮಾಲಿಗಳು, ಪಾಳಿ ಮುಗಿಸಿ ಬರುವ ನರ್ಸುಗಳು ಕೆಲಸಕ್ಕೆ ಮುಂಚೆಯೋ ಮನೆಗೆ ಹೋಗುವಾಗಲೋ ಹಾದುಹೋಗುವ ದಾರಿ ಇದು. ಹಾಗಾಗಿ ಕೋಳಿ ಕೂಗುವ ಹೊತ್ತಿಗೇ ಅಂಗಡಿ ತೆರೆದಿರುತ್ತದೆ.

ವೈರಕ್ಕ ಈ ಕೆಲಸ ಕಲಿತದ್ದು ಚಾರ್ಜರ್ ತಯಾರಿಸುವ ಕಾರ್ಖಾನೆಯಲ್ಲಿ. ಸಾಲಾಗಿ ಬರುವ ಡಬ್ಬಿಗಳಿಗೆ ಕರೆಂಟು ಕೊಟ್ಟು, ಸರಿ ಇದ್ದದ್ದನ್ನು ಮುಂದಕ್ಕೆ ತಳ್ಳಿ, ಕೆಟ್ಟದ್ದನ್ನು ಪಕ್ಕಕ್ಕಿಡುವುದು ಅವರ ಪಾಲಿನ ಕೆಲಸ. ಒಂದು ಬೆಳಗ್ಗೆ ಹೋದಾಗ ಗೇಟಿಗೆ ಬೀಗ. ಮಕ್ಕಳಿಬ್ಬರೂ ಆಗಿನ್ನೂ ಸಣ್ಣವರು. ಗಂಡ ಮೂರು ಗಾಲಿಯ ಸೈಕಲ್ ಗಾಡಿಯಲ್ಲಿ ಸಾಮಾನು ಸಾಗಿಸುತ್ತಾರೆ; ಬಾಡಿಗೆ ಸಿಕ್ಕ ದಿನ ಸಂಪಾದನೆ ಉಂಟು, ಸಿಗದ ದಿನ ಇಲ್ಲ. ಆಗ ದಾರಿ ತೋರಿಸಿದವರು ಅತ್ತೆ. ಮೆಟ್ಟಿಲ ಕೆಳಗಿನ ಈ ಜಾಗದಲ್ಲಿ ಕೊಡೆ ರಿಪೇರಿ ಮಾಡುತ್ತ ಮಕ್ಕಳನ್ನು ಸಾಕಿದ ಹೆಂಗಸು ಆಕೆ. ಕಣ್ಣು ಮಂಜಾಗುತ್ತ ಬಂದಿತ್ತು. "ನೀನು ಹೋಗಿ ಅಲ್ಲಿ ಕೂತ್ಕೋ. ಮಕ್ಕಳು ನನ್ನ ಹತ್ರ ಇರಲಿ" ಎಂದರಂತೆ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮಲ್ಲಿ ಇಬ್ಬರಿಗೂ ಅದೇ ಜಾಗ" ಎನ್ನುತ್ತಾರೆ ವೈರಕ್ಕ. "ಮೊದಲು ಜನ ಬರ್ತಾನೇ ಇರಲಿಲ್ಲ. ಹೆಂಗಸು ಕರೆಂಟಿನ ಕೆಲಸ ಏನು ಮಾಡ್ತಾಳೆ ಅನ್ನೋರು. ಮಕ್ಕಳನ್ನೂ ಕರ್ಕೊಂಡು ಬಂದು ಕೂತು, ಕೊಡೆ ತಂದೋರಿಗೆ ನಮ್ಮತ್ತೇನೇ ಹೇಳಿ ಹೇಳಿ ಗಿರಾಕಿ ಮಾಡಿಕೊಟ್ರು. ಆ ಋಣ ಎಲ್ಲಿ ತೀರಿಸಲಿ?" ಅತ್ತೆ ಈಗಲೂ ಬೆಳಗ್ಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಗಂಟಾದ ವೈರುಗಳನ್ನು ಬೆರಳಲ್ಲೇ ತಡವಿ ಬಿಡಿಸಿ, ದಪ್ಪದ್ದು ಒಂದು ಕಡೆ, ತೆಳುವಿನದು ಒಂದು ಕಡೆ ಸುತ್ತಿಡುತ್ತಾರೆ.

ಇಂಥ ಅಂಗಡಿಗೆ ಒಂದು ದಿನ ಹೋವರ್‌ಬೋರ್ಡ್ ಬಂತು. ಎರಡು ಚಕ್ರಗಳ ನಡುವಿನ ಹಲಗೆ; ಬ್ಯಾಟರಿಯಲ್ಲಿ ಓಡುವ, ಮಕ್ಕಳು ಮೇಲೆ ನಿಂತು ಆಡುವ ಗಾಡಿ. ಆದರೆ ಇದಕ್ಕೆ ಕಬ್ಬಿಣದ ಚೌಕಟ್ಟು, ಮುಂದೊಂದು ಪುಟ್ಟ ಗಾಲಿ, ಮೆತ್ತನೆಯ ಆಸನ, ಕೈಗೆರಡು ಹಿಡಿ ಇದ್ದವು. ತಂದವಳು ಹತ್ತಿರದ ಬಟ್ಟೆ ಗೋದಾಮಿನಲ್ಲಿ ಕೆಲಸ ಮಾಡುವ ಯುವತಿ. ಚಿಕ್ಕಂದಿನಿಂದ ಆಕೆಯ ಒಂದು ಕಾಲಿಗೆ ಬಲವಿಲ್ಲ. ಉದ್ದುದ್ದ ಸಾಲುಗಳ ನಡುವೆ ಓಡಾಡಿ ಬಟ್ಟೆ ತೆಗೆದುಕೊಡುವ ಕೆಲಸ. ಸಂಜೆ ಹೊತ್ತಿಗೆ ಊರುಗೋಲು ಹಿಡಿದ ಕಂಕುಳಲ್ಲಿ ರಕ್ತ ಬರುತ್ತಿತ್ತಂತೆ. ಅದನ್ನು ನೋಡಲಾರದೆ ವೆಲ್ಡಿಂಗ್ ಮಾಡುವ ಅಣ್ಣ ಹಳೆಯ ಹೋವರ್‌ಬೋರ್ಡ್ ಕೊಂಡು ಆಸನ ಕೂರಿಸಿಕೊಟ್ಟಿದ್ದ. ಮನೆ ಬದಲಿಸುವಾಗ ಅದರ ಚಾರ್ಜರ್ ಕಳೆಯಿತು.

"ಎಲ್ಲ ಕಡೆ ಕೇಳಿದೆ ಅಕ್ಕ. ಒಬ್ಬರು ಬಿಸಾಕು ಅಂದ್ರು, ಇನ್ನೊಬ್ಬರು ಬೇರೆ ಯಾವುದಾದ್ರೂ ಕತ್ತರಿಸಿ ಜೋಡಿಸ್ತೀನಿ ಅಂದ್ರು. ಓಡಾಡೋಕೆ ಆಗದಿದ್ರೆ ಬೇರೆಯವರನ್ನ ನೋಡ್ಕೋತೀವಿ ಅಂತ ಗೋದಾಮಿನಲ್ಲಿ ಹೇಳಿಬಿಟ್ಟಿದ್ದಾರೆ" ಎಂದಳು.

ವೈರಕ್ಕ ಚೀಲಕ್ಕೆ ಕೈ ಹಾಕಿದರು. ಮೂರು ಪಿನ್ನಿನ ಒಂದು ಚಾರ್ಜರ್ ಸಿಕ್ಕಿತು. ಬೋರ್ಡಿನ ತೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹುಡುಗಿಯ ಮುಖ ಅರಳಿತು. ವೈರಕ್ಕ ಮಾತ್ರ ಅದನ್ನು ಮತ್ತೆ ಹೊರಗೆಳೆದು ಮೀಟರಿಗೆ ಹಿಡಿದರು. ಐವತ್ತು ವೋಲ್ಟ್ ದಾಟಿತ್ತು. ಬೋರ್ಡಿನ ತಳದ ಚೀಟಿ ಸವೆದು ಹೋಗಿದ್ದರಿಂದ ಅಣ್ಣನನ್ನು ಕರೆಸಿ ಅಡಿಯ ಮುಚ್ಚಳ ತೆಗೆಸಿದರು. ಒಳಗಿನ ಬ್ಯಾಟರಿಯ ಮೇಲೆ ಮೂವತ್ತಾರು ವೋಲ್ಟ್ ಎಂದು ಬರೆದಿತ್ತು. ಅಂಥ ಬ್ಯಾಟರಿಗೆ ಬೇಕಾದದ್ದು ನಲವತ್ತೆರಡು ವೋಲ್ಟಿನ ಚಾರ್ಜರ್.

"ಪಿನ್ನು ಸರಿಯಾಗಿ ಕೂತಿದೆಯಲ್ಲ ಅಕ್ಕ, ಸ್ವಲ್ಪ ಹೊತ್ತು ಹಾಕಿ" ಎಂದು ಹುಡುಗಿ ಗೋಗರೆದಳು.

"ಉಂಗುರ ಬೆರಳಿಗೆ ಕೂತ ಮಾತ್ರಕ್ಕೆ ಗಂಡು ಒಳ್ಳೆಯವನು ಅನ್ನೋಕಾಗುತ್ತಾ ತಂಗಿ?" ಎಂದರು ವೈರಕ್ಕ.

ಹುಡುಗಿಗೆ ನಗು ಬರಲಿಲ್ಲ, ಅಳು ಬಂತು. ವೈರಕ್ಕನೂ ಆಮೇಲೆ ತಮಾಷೆ ಮಾಡಲಿಲ್ಲ. ಕಾರ್ಖಾನೆಯಲ್ಲಿದ್ದಾಗ ಒಮ್ಮೆ ತಪ್ಪು ಚಾರ್ಜರಿಗೆ ಸಿಕ್ಕಿಸಿದ ಬ್ಯಾಟರಿ ಊದಿಕೊಂಡು ಬೆಂಕಿ ಹತ್ತಿದ್ದನ್ನು ಅವರು ಕಂಡಿದ್ದರು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯ ಎರಡೂ ಕೈ ಸುಟ್ಟಿತ್ತು. "ಇವಳು ಮಲಗೋ ಕೋಣೇಲೇ ಅದನ್ನ ಚಾರ್ಜಿಗೆ ಹಾಕ್ತಾಳೆ. ಇವತ್ತು ಅಯ್ಯೋ ಪಾಪ ಅಂತ ನಾನು ಕೊಟ್ಟುಬಿಟ್ಟು, ನಾಳೆ ಏನಾದ್ರೂ ಆದ್ರೆ? ಅವಳು ಬೈದುಕೊಂಡರೂ ಪರವಾಗಿಲ್ಲ ಅನ್ನಿಸ್ತು" ಎಂದು ನನಗೆ ಹೇಳುವಾಗಲೂ ಅವರ ದನಿ ತಗ್ಗಿತ್ತು.

ಇಲ್ಲ ಎಂದು ಕಳಿಸಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವೈರಕ್ಕ ಗಂಡನನ್ನು ಕರೆದರು. ಮರುದಿನದಿಂದ ಸೈಕಲ್ ಗಾಡಿ ಮೊದಲು ಹುಡುಗಿಯ ಮನೆಗೆ, ಅಲ್ಲಿಂದ ಗೋದಾಮಿಗೆ. ಸಾಮಾನು ಇಡುವ ಹಲಗೆಯ ಮೇಲೆ ದಿಂಬು ಹಾಕಿ ಕೂರಿಸಿಕೊಂಡು ಹೋಗುತ್ತಿದ್ದರು. "ನಮ್ಮ ಯಜಮಾನರು ಒಳ್ಳೇ ಮನುಷ್ಯ. ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಮೂಟೆಗಿಂತ ಇವಳೇ ವಾಸಿ, ದಾರೀಲಿ ಮಾತಾಡ್ತಾಳೆ ಅಂದ್ರು." ಗೋದಾಮಿನೊಳಗಿನ ಓಡಾಟಕ್ಕೆ ಜೊತೆಗೆಲಸದವರು ನೆರವಾದರು. ದೂರದ ಸಾಲುಗಳಿಗೆ ತಾವು ಹೋಗಿ ಹತ್ತಿರದವನ್ನು ಆಕೆಗೆ ಬಿಟ್ಟುಕೊಟ್ಟರು.

ಇತ್ತ ಅಂಗಡಿಗೆ ಬರುವ ಪ್ರತಿಯೊಬ್ಬ ಡೆಲಿವರಿಯವನಿಗೂ ವೈರಕ್ಕನದು ಒಂದೇ ಮಾತು: "ಮನೆಮನೆಗೆ ಹೋಗ್ತೀರಲ್ಲ, ಎಲ್ಲಾದ್ರೂ ಮಕ್ಕಳು ಆಡಿ ಬಿಟ್ಟ ಹೋವರ್‌ಬೋರ್ಡ್ ಇದ್ರೆ ಚಾರ್ಜರ್ ಇದೆಯಾ ಅಂತ ಕೇಳಿ." ಹಲವು ದಿನ ಏನೂ ಸಿಗಲಿಲ್ಲ. ಕೊನೆಗೆ ಸದಾ ಹಸಿರು ಹೆಲ್ಮೆಟ್ ಹಾಕುವ ಒಬ್ಬಾತ ಒಂದು ಮನೆಗೆ ಸಾಮಾನು ಕೊಡಲು ಹೋಗಿದ್ದಾಗ ಕೇಳಿದ. ಬಾಗಿಲು ತೆರೆದ ಅಜ್ಜಿ ಒಳಗೆ ಹೋಗಿ ಒಂದು ಚಾರ್ಜರ್ ತಂದುಕೊಟ್ಟರು. ಮೊಮ್ಮಗನ ಬೋರ್ಡು ಎಂದೋ ಮುರಿದು ಗುಜರಿ ಸೇರಿತ್ತು. ಚಾರ್ಜರ್ ಮಾತ್ರ ಮೊಳೆಯಲ್ಲಿ ನೇತಾಡುತ್ತಿತ್ತಂತೆ. ಯಾರಿಗೆ, ಯಾತಕ್ಕೆ ಎಂದು ಕೇಳಿ ತಿಳಿದ ಮೇಲೆ ಆ ಅಜ್ಜಿ, "ಒಯ್ಯಪ್ಪ, ಪುಣ್ಯ ಬರಲಿ" ಎಂದರಂತೆ.

ಚಾರ್ಜರ್ ಬಂದ ದಿನವೂ ವೈರಕ್ಕ ಅವಸರ ಮಾಡಲಿಲ್ಲ. ಮೀಟರು ನಲವತ್ತೆರಡು ತೋರಿಸಿತು. ಆಂಪಿಯರ್, ಅಂದರೆ ಕರೆಂಟಿನ ಹರಿವು, ಬೋರ್ಡಿಗೆ ಹೆಚ್ಚಾಗುವುದಿಲ್ಲ ಎಂದು ನೋಡಿಕೊಂಡರು. ಮೂರು ಪಿನ್ನುಗಳಲ್ಲಿ ಯಾವುದು ಪ್ಲಸ್, ಯಾವುದು ಮೈನಸ್ ಎಂದು ಎರಡೂ ಕಡೆ ಹೊಂದಿಸಿದರು. ಬಟ್ಟೆ, ಕಾಗದ ಏನೂ ಇಲ್ಲದ ಬರಿಯ ಸಿಮೆಂಟು ನೆಲದ ಮೇಲೆ ಬೋರ್ಡು ಇಟ್ಟು ಸ್ವಿಚ್ ಹಾಕಿದರು. ಕೆಂಪು ದೀಪ ಹತ್ತಿತು. ಆಮೇಲೆ ಊಟಕ್ಕೂ ಏಳಲಿಲ್ಲ. ಆಗಾಗ ಬೋರ್ಡಿನ ಬೆನ್ನಿಗೆ ಅಂಗೈ ಇಟ್ಟು, ಜ್ವರ ಬಂದ ಮಗುವನ್ನು ಮುಟ್ಟಿ ನೋಡಿದ ಹಾಗೆ ಬಿಸಿ ನೋಡುತ್ತಿದ್ದರು. ಹುಡುಗಿ ಕೆಲಸ ಮುಗಿಸಿ ಬಂದು ಅತ್ತೆಯ ಪಕ್ಕ ಕೂತಿದ್ದಳು. ಬ್ಯಾಟರಿ ತುಂಬಿ ದೀಪ ಹಸಿರಾಯಿತು. ಹುಡುಗಿ ವೈರಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಕೆಲಸ ಉಳಿಯಿತು. ಈಗ ಗೋದಾಮಿಗೆ ಹೋಗುವ ಮುನ್ನ ಹುಡುಗಿ ದಿನವೂ ಇತ್ತ ಹಾದು, ಅತ್ತೆಯ ಉಗುರು ಕತ್ತರಿಸುವುದೋ, ತಲೆ ಬಾಚುವುದೋ ಮಾಡಿ ಹೋಗುತ್ತಾಳೆ. "ಇವರು ಅವತ್ತು ಇಲ್ಲ ಅಂದಾಗ ನಂಗೆ ತುಂಬ ಕೋಪ ಬಂದಿತ್ತು. ಈಗ ಪ್ರತಿ ಸಲ ಚಾರ್ಜಿಗೆ ಹಾಕುವಾಗ ಇವರನ್ನೇ ನೆನೆಸ್ಕೋತೀನಿ" ಎನ್ನುತ್ತಾಳೆ. ವೈರಕ್ಕ ತಲೆ ಎತ್ತದೆ, "ನೆನೆಸ್ಕೊಂಡ್ರೆ ಸಾಲದು, ತುಂಬಿದ ಮೇಲೆ ಪಿನ್ನು ತೆಗಿ. ಹಾಕಿಟ್ಟು ಮಲಗಬೇಡ" ಎನ್ನುತ್ತಾರೆ.

ಹೊರಡುವ ಮುಂಚೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ವೈರಕ್ಕ ಮೀಟರಿನ ಕಡ್ಡಿ ಕೆಳಗಿಟ್ಟು ಹುಡುಗಿಯ ಗಾಡಿಯ ಕಡೆ ನೋಡಿದರು. "ಹೇಳಿದ್ರೆ ನಗ್ತೀರಿ. ಇಷ್ಟೊಂದು ಯಂತ್ರಗಳಿಗೆ ಜೀವ ತುಂಬಿ ಕಳಿಸಿದ್ದೀನಿ. ಒಂದರ ಮೇಲೂ ಕೂತು ಓಡಾಡಿಲ್ಲ. ಇದರ ಮೇಲೆ ಒಂದ್ಸಲ ಕೂರಬೇಕು."

ಹುಡುಗಿ ಕೂಡಲೇ ಆಸನದಿಂದ ಇಳಿದು ಮೆಟ್ಟಿಲಿಗೆ ಒರಗಿ ನಿಂತಳು. ಗಿರಾಕಿ ಬರೋ ಹೊತ್ತು, ಈಗ ಬೇಡ ಎಂದು ವೈರಕ್ಕ ಕೈಯಾಡಿಸಿದರು. "ಬಂದ್ರೆ ನಾನಿಲ್ವಾ? ಹೋಗ್ಬಾರೇ" ಎಂದರು ಅತ್ತೆ.

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ವೈರಕ್ಕ ಕೂತರು. ಹುಡುಗಿ ಹಿಡಿ ಒತ್ತುವ ಬಗೆ ತೋರಿಸಿದಳು. ಗಾಡಿ ಒಮ್ಮೆ ಮುಗ್ಗರಿಸಿ, ಆಮೇಲೆ ನಿಧಾನವಾಗಿ ಮಾರುಕಟ್ಟೆಯ ಹಜಾರದುದ್ದಕ್ಕೂ ಹೊರಟಿತು. ಬುಟ್ಟಿ ಇಳಿಸುತ್ತಿದ್ದವರು ದಾರಿ ಬಿಟ್ಟರು. ಕೊನೆಯ ಕಂಬದವರೆಗೆ ಹೋಗಿ, ತಿರುಗಿ, ತುಟಿ ಬಿಗಿಹಿಡಿದೇ ಬಂದರು. ಹೇಗಿತ್ತು ಎಂದು ಕೇಳಿದೆ.

"ಎಳೆತ ಚೆನ್ನಾಗಿದೆ" ಎಂದರು ಅವರು. "ಬ್ಯಾಟರಿ ಗಟ್ಟಿಯಾಗಿದೆ."